ವೇಟ್ಸ್ ಎಂದರೆ ಹಿಂಜರಿಯುವ ಗೆಳತಿ: ಅವಳನ್ನು ಎಲ್ಲಿಂದ ಶುರು ಮಾಡಿಸುವುದು?

ನನ್ನ ಗೆಳತಿಯನ್ನು ಮೊದಲ ಸಲ ಜಿಮ್ಮಿಗೆ ಕರೆದುಕೊಂಡು ಹೋದ ದಿನ ನಾನೊಂದು ತಪ್ಪು ಮಾಡಿದೆ. ಸೀದಾ, ಭಾರ ಹೊತ್ತು ಕೂತು ಏಳುವ ಸ್ಕ್ವಾಟ್ ರ‍್ಯಾಕಿನ ಹತ್ತಿರ ನಿಲ್ಲಿಸಿ, ಬಾರ್ಬೆಲ್ ಅನ್ನು, ಅಂದರೆ ಎರಡೂ ತುದಿಗೆ ತೂಕದ ಪ್ಲೇಟ್ ಹಾಕುವ ಉದ್ದ ಸರಳನ್ನು, ಅವಳ ಹೆಗಲ ಮೇಲಿಟ್ಟೆ. ಪ್ಲೇಟ್ ಏನೂ ಹಾಕಿರಲಿಲ್ಲ, ಖಾಲಿ ಬಾರ್. ನನಗೆ ಅದು ವಾರ್ಮಪ್. ಅವಳಿಗೆ ಅದು ಹೆಗಲ ಮೇಲೆ ಕೂತ 20 ಕೆಜಿ ಕಬ್ಬಿಣ. ನಾಲ್ಕು ಸಲ ಕೂತು ಎದ್ದಳು. ಬಾರನ್ನು ವಾಪಸ್ ಇಟ್ಟು, ಸುತ್ತ ಒಮ್ಮೆ ನೋಡಿ, "ಇದೆಲ್ಲ ನನಗಲ್ಲ ಕಣೇ" ಅಂದಳು. ಆಮೇಲೆ ಐದು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಎರಡನೇ ಸಲ ಅವಳ ಮನೆಯಲ್ಲೇ, ಒಂದು ಕುರ್ಚಿ ಮತ್ತು ಎರಡು ಡಂಬೆಲ್ ಇಟ್ಟುಕೊಂಡು ಶುರು ಮಾಡಿದೆವು. ಈಗ ಅವಳು 60 ಕೆಜಿಯನ್ನು ನೆಲದಿಂದ ಎತ್ತಿ ನಿಲ್ಲುವ ಡೆಡ್‌ಲಿಫ್ಟ್ ಮಾಡುತ್ತಾಳೆ. ಹಾಗಂತ ಎಲ್ಲರಿಗೂ ಮನೆಯೇ ಸರಿ ಅಂತ ನಾನು ಹೇಳುತ್ತಿಲ್ಲ. ಇನ್ನೊಬ್ಬ ಗೆಳತಿಗೆ ಮನೆಯಲ್ಲಿ ಶುರು ಮಾಡಿಸಿ ಸೋತೆ, ಮಷೀನಿನ ಮೇಲೆ ಕೂರಿಸಿದ ದಿನವೇ ಅವಳಿಗೆ ಹಿಡಿಸಿತು. ಇಬ್ಬರ ಹೆದರಿಕೆಯೂ ಬೇರೆ ಬೇರೆ ಆಗಿತ್ತು. ಯಾವ ದಾರಿ ಒಳ್ಳೆಯದು ಅನ್ನುವುದು ಅವಳು ಯಾವುದಕ್ಕೆ ಹೆದರುತ್ತಾಳೆ ಅನ್ನುವುದರ ಮೇಲೆ ನಿಂತಿದೆ. ಮನೆ, ಮಷೀನು, ಬಾರ್ಬೆಲ್, ಟ್ರೈನರ್ ಈ ನಾಲ್ಕರ ಹೋಲಿಕೆಯನ್ನು ಆ ಲೆಕ್ಕದಲ್ಲೇ ಬರೆದಿದ್ದೇನೆ.

ಮೊದಲು ಕೇಳಿ: ಭಯ ಯಾವುದರದ್ದು?

"ಯಾಕೆ ಹೆದರ್ತೀಯ?" ಎಂದು ಕೇಳಿದರೆ "ಸುಮ್ನೆ, ಗೊತ್ತಿಲ್ಲ" ಎಂಬ ಉತ್ತರವೇ ಬರುವುದು. "ಜಿಮ್ ನೆನೆಸಿಕೊಂಡರೆ ಮೊದಲು ಏನು ಕಣ್ಣಿಗೆ ಬರುತ್ತದೆ?" ಎಂದು ಕೇಳಿ ನೋಡಿ. ನನ್ನ ಅನುಭವದಲ್ಲಿ ಈ ನಾಲ್ಕರಲ್ಲಿ ಒಂದು ಉತ್ತರ ಹೊರಗೆ ಬರುತ್ತದೆ: ಎಲ್ಲರೂ ನನ್ನನ್ನೇ ನೋಡುತ್ತಾರೆ, ಏನು ಮಾಡಬೇಕೆಂದೇ ಗೊತ್ತಾಗಲ್ಲ, ಬೆನ್ನೋ ಮಂಡಿಯೋ ಹಾಳಾಗುತ್ತದೆ, ಗಂಡಸರ ಹಾಗೆ ದಪ್ಪ ತೋಳು ಬರುತ್ತದೆ.

ಕೊನೆಯದನ್ನು ಮಾತಿನಲ್ಲೇ ಬಗೆಹರಿಸಬಹುದು, ಅದನ್ನು ಮೊದಲು ಮುಗಿಸೋಣ. ವಯಸ್ಕ ಗಂಡಸರ ದೇಹದಲ್ಲಿ ಟೆಸ್ಟೋಸ್ಟಿರಾನ್ ಹೆಂಗಸರಿಗಿಂತ ಸುಮಾರು 10ರಿಂದ 20 ಪಟ್ಟು ಜಾಸ್ತಿ ಇರುತ್ತದೆ. ದೊಡ್ಡ ಸ್ನಾಯು ಬೆಳೆಸಬೇಕೆಂದೇ ಹೊರಟ ಹೆಂಗಸರಿಗೂ ವರ್ಷಗಟ್ಟಲೆ ತರಬೇತಿ, ಲೆಕ್ಕವಿಟ್ಟ ಊಟ ಬೇಕು. ವಾರಕ್ಕೆ ಎರಡು ದಿನ ಡಂಬೆಲ್ ಎತ್ತಿದವರಿಗೆ ಅದು ತಾನಾಗಿ ಬಂದುಬಿಡುವುದಿಲ್ಲ. ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದು 49 ಕೆಜಿ ವಿಭಾಗದಲ್ಲಿ. ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆ ಎತ್ತುವ ಸ್ನ್ಯಾಚ್‌ನಲ್ಲಿ 87, ಮೊದಲು ಹೆಗಲಿಗೆ ತಂದು ಆಮೇಲೆ ಮೇಲೆತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 115, ಒಟ್ಟು 202 ಕೆಜಿ ಎತ್ತಿ ಬೆಳ್ಳಿ ಗೆದ್ದರು. ತಮ್ಮ ತೂಕದ ಎರಡು ಪಟ್ಟಿಗಿಂತ ಜಾಸ್ತಿ ಭಾರವನ್ನು ತಲೆಯ ಮೇಲೆ ಎತ್ತಿದ ಆ ದೇಹ ಎಷ್ಟು ಪುಟ್ಟದು ಎಂದು ಒಂದು ಫೋಟೋ ತೋರಿಸಿದರೆ ಸಾಕು.

ಶುರುವಿನ ವಾರಗಳಲ್ಲಿ ಬಲ ಬೇಗ ಏರುತ್ತದೆ, ನಿಜ. ಆದರೆ ಅದು ಹೆಚ್ಚಾಗಿ ನರಗಳು ಕಲಿಯುವ ಪಾಠ. ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸಲು ದೇಹ ಕಲಿಯುತ್ತದೆ. ಇನ್ನೊಂದು ವಿಷಯವನ್ನು ಮೊದಲೇ ಹೇಳಿಟ್ಟಿರಿ: ಮೊದಲ ಕೆಲವು ವಾರ ಸ್ನಾಯುಗಳು ನೀರು ಹಿಡಿದುಕೊಳ್ಳುವುದರಿಂದ ತೂಕದ ಯಂತ್ರದಲ್ಲಿ ಒಂದಿಷ್ಟು ಜಾಸ್ತಿ ತೋರಿಸಬಹುದು. ಇದು ಗೊತ್ತಿಲ್ಲದೆ ಅಲ್ಲಿಗೇ ನಿಲ್ಲಿಸಿದವರನ್ನು ನೋಡಿದ್ದೇನೆ.

ಉಳಿದ ಮೂರು ಭಯಗಳು ಬರೀ ಮಾತಿಗೆ ಕರಗುವುದಿಲ್ಲ. ಅಲ್ಲಿ ಜಾಗ ಮತ್ತು ಸಾಮಾನು ಸರಿಯಾಗಿ ಆರಿಸಬೇಕು.

ಮನೆಯಲ್ಲಿ ಡಂಬೆಲ್

ನೋಡುವವರ ಭಯ ಇರುವವಳಿಗೆ ಇದೇ ಮೊದಲ ಆಯ್ಕೆ. ಕನ್ನಡಿ ಬೇಡ, ಬೇರೆಯವರ ಕಣ್ಣು ಬೇಡ, ಹಳೇ ಬಟ್ಟೆ ನಡೆಯುತ್ತದೆ. ಅರ್ಧದಲ್ಲಿ ನಿಲ್ಲಿಸಿ ನೆಲದ ಮೇಲೆ ಮಲಗಿದರೂ ಕೇಳುವವರಿಲ್ಲ.

ನನ್ನ ಗೆಳತಿಗೆ ನಾನು ಮಾಡಿಸಿದ್ದು ಐದೇ ಐದು. ಡಂಬೆಲ್ ಒಂದನ್ನು ಎದೆಗೆ ಅವುಚಿಕೊಂಡು ಕುರ್ಚಿಯ ಮೇಲೆ ಕೂತು ಏಳುವುದು. ಗೋಡೆಗೆ ಬೆನ್ನು ಮಾಡಿ ಒಂದು ಹೆಜ್ಜೆ ಮುಂದೆ ನಿಂತು, ಬೆನ್ನು ನೇರವಾಗಿಟ್ಟು, ಸೊಂಟವನ್ನು ಹಿಂದಕ್ಕೆ ತಳ್ಳಿ ಕುಂಡೆಯಿಂದ ಗೋಡೆ ಮುಟ್ಟುವುದು. ಡೆಡ್‌ಲಿಫ್ಟ್‌ನ ಜೀವಾಳವೇ ಈ ಬಾಗುವಿಕೆ, ಮೊದಲ ದಿನ ಬರಿಗೈಯಲ್ಲಿ ಮಾಡಿಸಿದರೂ ಸಾಕು. ಒಂದು ಕೈಯನ್ನು ಕುರ್ಚಿಗೆ ಊರಿ ಇನ್ನೊಂದು ಕೈಯಲ್ಲಿ ಡಂಬೆಲ್ ಅನ್ನು ಪಕ್ಕೆಯ ಕಡೆ ಎಳೆಯುವುದು. ಅಲುಗಾಡದ ಮೇಜಿಗೆ ಕೈ ಕೊಟ್ಟು ಪುಷ್‌ಅಪ್. ಕಡೆಗೆ ಎರಡೂ ಕೈಯಲ್ಲಿ ಭಾರ ಹಿಡಿದು ಕೋಣೆಯ ಉದ್ದಕ್ಕೂ ನಡೆಯುವುದು. ಮೊದಲ ನಾಲ್ಕು 8ರಿಂದ 10 ಸಲ, ಎರಡೆರಡು ಸೆಟ್, ಅಂದರೆ ನಡುವೆ ದಣಿವಾರಿಸಿಕೊಂಡು ಎರಡು ಸುತ್ತು. ನಡೆಯುವುದನ್ನು ಅರ್ಧ ನಿಮಿಷದಂತೆ ಎರಡು ಸಲ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಡಂಬೆಲ್ ಕೊಳ್ಳುವಾಗ ಎಲ್ಲರೂ ಮಾಡುವ ತಪ್ಪು 1 ಅಥವಾ 2 ಕೆಜಿಯ ಬಣ್ಣದ ಜೋಡಿ ತರುವುದು. ಭುಜಕ್ಕೆ ಅದು ಸರಿ, ಕಾಲಿಗೆ ಏನೇನೂ ಸಾಲದು. ಒಂದು ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವ ಹೆಂಗಸಿನ ಕಾಲುಗಳು 10 ಕೆಜಿಯನ್ನು ಆಗಲೇ ಬಲ್ಲವು, ಅಲ್ವಾ? ಹೊಸಬರಲ್ಲಿ ಹೆಚ್ಚಿನವರು ಕೂತು ಏಳುವುದಕ್ಕೆ 6ರಿಂದ 8 ಕೆಜಿ, ಎಳೆಯುವುದಕ್ಕೆ 5, ತಲೆಯ ಮೇಲೆ ಒತ್ತುವುದಕ್ಕೆ 2ರಿಂದ 3 ಕೆಜಿಯಲ್ಲಿ ಶುರು ಮಾಡಬಹುದು. ಹಾಗಾಗಿ ಪ್ಲೇಟ್ ಬದಲಾಯಿಸುವ ಡಂಬೆಲ್ ಜೋಡಿ ಒಳ್ಳೆಯದು. ಪ್ರತಿ ಸೆಟ್‌ಗೂ ಮುಂಚೆ ಅದರ ತಿರುಪು ಬಿಗಿಯಾಗಿದೆಯೇ ಎಂದು ನೋಡುವ ಅಭ್ಯಾಸವನ್ನು ಮೊದಲ ದಿನವೇ ಮಾಡಿಸಿ.

ಇದರ ಕೊರತೆ ಎರಡು. ಒಂದು, ತಪ್ಪು ಮಾಡಿದರೆ ತಿದ್ದುವವರಿಲ್ಲ. ನೀವು ಪಕ್ಕದಲ್ಲಿ ಇಲ್ಲದ ದಿನ ಫೋನನ್ನು ಪಕ್ಕದಿಂದ ಕಾಣುವಂತೆ ನಿಲ್ಲಿಸಿ ವಿಡಿಯೋ ತೆಗೆದುಕೊಂಡು ಅವಳೇ ನೋಡಿಕೊಳ್ಳಲಿ. ಎರಡು, ಎರಡು ಮೂರು ತಿಂಗಳಲ್ಲಿ ಕಾಲುಗಳಿಗೆ ಆ ಭಾರ ಸಾಲದಾಗುತ್ತದೆ. ಇನ್ನೂ ಒಂದು ಮಾತಿದೆ, ಮನೆಯಲ್ಲಿ ಕರೆಗಂಟೆ, ಅಡುಗೆ, ಮಕ್ಕಳು ಎಲ್ಲ ಅವಳನ್ನೇ ಕರೆಯುತ್ತಿರುತ್ತವೆ. ನನ್ನ ಎರಡನೇ ಗೆಳತಿ ಸೋತದ್ದು ಇಲ್ಲೇ. ಅವಳಿಗೆ ಬೇಕಾಗಿದ್ದದ್ದು ಯಾರೂ ಅವಳನ್ನು ಕರೆಯದ ಒಂದು ಗಂಟೆ.

ಎಳೆದರೆ ಹಿಗ್ಗುವ ರಬ್ಬರ್ ಪಟ್ಟಿ, ಅಂದರೆ ರೆಸಿಸ್ಟೆನ್ಸ್ ಬ್ಯಾಂಡ್ ಸಾಲದೇ ಎಂದು ಕೇಳುವವರಿದ್ದಾರೆ. ಪ್ರಯಾಣದಲ್ಲಿ, ಜಾಗ ಇಲ್ಲದ ಕಡೆ ಚೆನ್ನ. ಆದರೆ ಇವತ್ತು ಎಷ್ಟು ಎತ್ತಿದೆ, ಹೋದ ವಾರಕ್ಕಿಂತ ಎಷ್ಟು ಜಾಸ್ತಿ ಎಂಬ ಲೆಕ್ಕ ಅದರಲ್ಲಿ ಸಿಗುವುದಿಲ್ಲ. ಹೆದರುವವಳಿಗೆ ಆ ಲೆಕ್ಕವೇ ದೊಡ್ಡ ಧೈರ್ಯ. ಆದ್ದರಿಂದ ನನ್ನ ಮತ ಡಂಬೆಲ್‌ಗೆ.

ಜಿಮ್ಮಿನ ಮಷೀನುಗಳು

"ಏನು ಮಾಡಬೇಕೆಂದೇ ಗೊತ್ತಾಗಲ್ಲ" ಮತ್ತು "ಪೆಟ್ಟಾಗುತ್ತದೆ" ಎನ್ನುವವರಿಗೆ ಇಲ್ಲಿಂದ ಶುರು ಮಾಡಿಸಿ. ಕೂರುವ ಜಾಗ, ಹಿಡಿಯುವ ಜಾಗ, ತಳ್ಳುವ ದಿಕ್ಕು ಎಲ್ಲವನ್ನೂ ಮಷೀನೇ ಹೇಳಿಕೊಡುತ್ತದೆ. ಬೇಕಾದ ತೂಕದ ಜಾಗಕ್ಕೆ ಪಿನ್ ಸಿಕ್ಕಿಸಿದರೆ ಭಾರ ಸಿದ್ಧ. ಕೈಲಾಗದಿದ್ದರೆ ಮೆಲ್ಲಗೆ ವಾಪಸ್ ಬಿಟ್ಟರಾಯಿತು, ಮೈಮೇಲೆ ಬೀಳುವಂಥದ್ದು ಏನೂ ಇರುವುದಿಲ್ಲ. ವೇಟ್ ಟ್ರೈನಿಂಗ್ ಅಪಾಯ ಎಂಬ ಮಾತೇ ಅರ್ಧ ಸತ್ಯ. ಗಂಟೆಗಳ ಲೆಕ್ಕ ಹಾಕಿದರೆ ಫುಟ್‌ಬಾಲ್‌ನಂಥ ತಂಡದ ಆಟಗಳಲ್ಲಿ ಆಗುವಷ್ಟು ಪೆಟ್ಟು ಇದರಲ್ಲಿ ಆಗುವುದಿಲ್ಲ. ಆದರೂ ಹೆದರಿದವಳಿಗೆ ಅಂಕಿಅಂಶಕ್ಕಿಂತ ಕೂರಲು ಒಂದು ಗಟ್ಟಿ ಸೀಟು ಮುಖ್ಯ.

ನಾಲ್ಕು ಮಷೀನು ಸಾಕು: ಕಾಲಿನಿಂದ ತಳ್ಳುವ ಲೆಗ್ ಪ್ರೆಸ್, ಎದೆಯ ಮುಂದಕ್ಕೆ ಕೈಯಿಂದ ತಳ್ಳುವ ಚೆಸ್ಟ್ ಪ್ರೆಸ್, ಕೂತು ಎಳೆಯುವ ರೋ, ಮೇಲಿನಿಂದ ಎಳೆಯುವ ಲ್ಯಾಟ್ ಪುಲ್‌ಡೌನ್. ಲೆಗ್ ಪ್ರೆಸ್ ಎರಡು ಬಗೆಯಲ್ಲಿ ಇರುತ್ತದೆ. ಕೂತು ಪಿನ್ ಹಾಕುವುದನ್ನು ಆರಿಸಿ. ಓರೆಯಾಗಿ ಮಲಗಿ ಮೇಲಕ್ಕೆ ತಳ್ಳುವ ಮಷೀನಿನ ತಟ್ಟೆಗೆ ಪ್ಲೇಟ್ ಹಾಕದೆಯೇ ಸಾಕಷ್ಟು ತೂಕ ಇರುತ್ತದೆ, ಹೊಸಬರಿಗೆ ಅದು ಗೊತ್ತಾಗುವುದಿಲ್ಲ. ಯಾವುದರಲ್ಲೇ ಆಗಲಿ, ಕೆಳಬೆನ್ನು ಸೀಟಿನಿಂದ ಮೇಲೇಳುವಷ್ಟು ಮಂಡಿಯನ್ನು ಒಳಗೆ ತರಬಾರದು. ಕೊನೆಯಲ್ಲಿ ಮಂಡಿಯನ್ನು ಟಕ್ಕೆಂದು ನೇರ ಮಾಡಲೂಬಾರದು.

ಮಷೀನಿನ ತೊಂದರೆ ಅಳತೆಯದು. ಕುಳ್ಳಗಿನ ಹೆಂಗಸರಿಗೆ ಎಷ್ಟೋ ಮಷೀನುಗಳು ಸರಿಯಾಗಿ ಕೂರುವುದಿಲ್ಲ. ಪಾದ ನೆಲಕ್ಕೆ ತಾಗುವುದಿಲ್ಲ, ಹಿಡಿ ಭುಜಕ್ಕಿಂತ ಮೇಲೆ ಬರುತ್ತದೆ. ಆಗ ಅವಳು "ನನ್ನ ದೇಹವೇ ಸರಿ ಇಲ್ಲ" ಅಂದುಕೊಳ್ಳುತ್ತಾಳೆ. ತಪ್ಪು ಸೀಟಿನದು, ಅದನ್ನು ಬಾಯಿಬಿಟ್ಟು ಹೇಳಿ. ಸೀಟನ್ನು ಮೇಲೆ ಕೆಳಗೆ ಮಾಡಿ, ಸರಿಹೊಂದಿದ ನಂಬರನ್ನು ಫೋನಿನಲ್ಲಿ ಬರೆಸಿಡಿ: "ಚೆಸ್ಟ್ ಪ್ರೆಸ್, ಸೀಟು 4, ಭಾರ 10". ಮುಂದಿನ ಸಲ ಯಾರನ್ನೂ ಕೇಳದೆ ಅವಳೇ ಬಂದು ಹೊಂದಿಸಿಕೊಳ್ಳುತ್ತಾಳೆ. ಇಷ್ಟು ಚಿಕ್ಕ ಸಂಗತಿ ಅವಳ ನಡಿಗೆಯನ್ನೇ ಬದಲಾಯಿಸಿದ್ದನ್ನು ನಾನು ಕಂಡಿದ್ದೇನೆ. ಒಂದು ಎಚ್ಚರ, ಈ ಮಷೀನಿನ 20 ಮತ್ತು ಆ ಮಷೀನಿನ 20 ಒಂದೇ ಅಲ್ಲ. ರಾಟೆಗಳ ಜೋಡಣೆಯಿಂದ ಕೈಗೆ ಸಿಗುವ ಭಾರ ಬದಲಾಗುತ್ತದೆ. ಬೇರೆ ಜಿಮ್ಮಿಗೆ ಹೋದಾಗ "ಬಲ ಕಡಿಮೆ ಆಯಿತು" ಎಂದು ಅವಳು ಕುಗ್ಗಬಾರದು.

ಜನರ ಕಣ್ಣಿನ ಭಯವೂ ಜೊತೆಗಿದ್ದರೆ, ಮೊದಲು ಜನ ಕಡಿಮೆ ಇರುವ ಹೊತ್ತಿನಲ್ಲಿ ಸುಮ್ನೆ ಸುತ್ತಾಡಿಸಿ ಬನ್ನಿ. ನೀರು ಎಲ್ಲಿ, ಬಟ್ಟೆ ಬದಲಿಸುವ ಕೋಣೆ ಎಲ್ಲಿ, ಯಾವ ಮೂಲೆಯಲ್ಲಿ ಏನಿದೆ ಅನ್ನುವುದು ಗೊತ್ತಿದ್ದರೆ ಎರಡನೇ ಸಲ ಅವಳು ಹೊಸಬಳಂತೆ ಕಾಣುವುದಿಲ್ಲ. ಹೆಂಗಸರಿಗೆಂದೇ ಸಮಯ ಇರುವ ಕಡೆ ಅದನ್ನು ಬಳಸಿಕೊಳ್ಳಿ.

ಬಾರ್ಬೆಲ್

ನನಗೆ ತುಂಬಾ ಇಷ್ಟವಾದದ್ದು ಇದು. ಆದರೂ ಹಿಂಜರಿಯುವ ಗೆಳತಿಯ ಮೊದಲ ದಿನಕ್ಕೆ ಇದನ್ನು ಹೇಳುವುದಿಲ್ಲ.

ಯಾಕೆ ಇಷ್ಟ ಎಂದರೆ, ಏರುವ ಮೆಟ್ಟಿಲು ಇಲ್ಲಿ ಮೆತ್ತಗಿರುತ್ತದೆ. 5 ಕೆಜಿ ಡಂಬೆಲ್‌ನಿಂದ 7.5ಕ್ಕೆ ಹೋದರೆ ಒಂದೇ ಸಲಕ್ಕೆ ಅರ್ಧದಷ್ಟು ಜಾಸ್ತಿಯಾಯಿತು. 20 ಕೆಜಿ ಬಾರಿಗೆ ಎರಡೂ ಕಡೆ 1.25 ಹಾಕಿದರೆ ಎಂಟನೇ ಒಂದು ಭಾಗವಷ್ಟೇ ಏರಿತು. ಎರಡರಲ್ಲೂ ಕೂಡಿದ್ದು 2.5 ಕೆಜಿಯೇ. ಡಂಬೆಲ್ ಹಿಡಿದು ತಲೆಯ ಮೇಲೆ ಒತ್ತುವುದರಲ್ಲಿ ಹೆಂಗಸರು ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲುವುದು ಇದರಿಂದಲೇ. ಅವರಿಗೆ ಮುಂದಿನ ಮೆಟ್ಟಿಲು ಎತ್ತರವಾಗಿರುತ್ತದೆ, ಅಷ್ಟೇ. ಹಾಗೆ ನಿಂತಾಗ ಭಾರ ಏರಿಸದೆ 8 ಸಲದಿಂದ 12 ಸಲದವರೆಗೆ ಹೋಗಿ, ಆಮೇಲೆ ಮುಂದಿನ ಡಂಬೆಲ್ ಹಿಡಿಯಲಿ.

ಬಾರ್‌ಗಳಲ್ಲೂ ಆಯ್ಕೆ ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಸ್ಪರ್ಧೆಗಳಲ್ಲಿ ಗಂಡಸರ ಬಾರ್ 20 ಕೆಜಿ, ಹಿಡಿಯ ದಪ್ಪ 28 ಮಿಲಿಮೀಟರ್. ಹೆಂಗಸರದ್ದು 15 ಕೆಜಿ, ದಪ್ಪ 25 ಮಿಲಿಮೀಟರ್. ಚಿಕ್ಕ ಅಂಗೈಗೆ ಆ 3 ಮಿಲಿಮೀಟರ್ ದೊಡ್ಡ ವ್ಯತ್ಯಾಸ. ಕಲಿಯುವವರಿಗೆ ಇನ್ನೂ ಹಗುರವಾದ ಬಾರ್‌ಗಳೂ ಸಿಗುತ್ತವೆ. ನಿಮ್ಮ ಜಿಮ್ಮಿನಲ್ಲಿ 15 ಕೆಜಿ ಬಾರ್ ಇದೆಯೇ ಎಂದು ಕೇಳಿ. ಗೆಳತಿಗೆ ಅದನ್ನು ಪರಿಚಯಿಸುವಾಗ "15 ಲೀಟರ್ ನೀರು ತುಂಬಿದ ಬಕೆಟ್ಟಿನಷ್ಟು" ಎಂದು ಹೇಳಿ. ಬಕೆಟ್ ಅವಳು ಎಷ್ಟೋ ಸಲ ಎತ್ತಿದ್ದಾಳೆ, ಅದೂ ಒಂದೇ ಕೈಯಲ್ಲಿ.

ನೆಲದಿಂದ ಎತ್ತುವಾಗ ಬಾರ್ ಮೊಣಕಾಲಿನ ಕೆಳಗೆ, ಮೀನಖಂಡದ ಮಧ್ಯದಷ್ಟು ಎತ್ತರದಲ್ಲಿ ಇರಬೇಕು. 45 ಸೆಂಟಿಮೀಟರ್ ಅಗಲದ ದೊಡ್ಡ ಪ್ಲೇಟ್ ಹಾಕಿದಾಗ ಅದು ತಾನಾಗಿ ಆ ಎತ್ತರಕ್ಕೆ ಬರುತ್ತದೆ. ಹಗುರ ಎಂದು ಚಿಕ್ಕ ಪ್ಲೇಟ್ ಹಾಕಿದರೆ ಬಾರ್ ತೀರಾ ಕೆಳಗಿದ್ದು, ಬೆನ್ನು ಗೂನಾಗುತ್ತದೆ. ಹೊಸಬರಿಗೆ ಬೆನ್ನು ಹಿಡಿದುಕೊಳ್ಳಲು ಇದೂ ಒಂದು ಕಾರಣ. ಬಾರನ್ನು ಗಟ್ಟಿಯಾದ ಮಣೆಯ ಮೇಲೋ ರ‍್ಯಾಕಿನ ಸರಳುಗಳ ಮೇಲೋ ಇಟ್ಟು ಎತ್ತರ ಮಾಡಿಕೊಳ್ಳಿ.

ಸೋಲುವುದನ್ನು ತೋರಿಸುವುದು ಬಾರ್ಬೆಲ್‌ನಲ್ಲಿ ನಾನು ಕಂಡುಕೊಂಡ ಒಂದು ಒಳ್ಳೆಯ ಉಪಾಯ. ಸ್ಕ್ವಾಟ್ ರ‍್ಯಾಕಿನ ಎರಡೂ ಪಕ್ಕದಲ್ಲಿ ಅಡ್ಡ ಸರಳುಗಳಿರುತ್ತವೆ. ಅವನ್ನು ನೀವು ಪೂರ್ತಿ ಕೂತಾಗ ಬಾರ್ ಬರುವ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಹೊಂದಿಸಿ. ಆಮೇಲೆ ಹಗುರ ಭಾರದೊಂದಿಗೆ ನೀವೇ ಕೂತು, ಏಳಲಾಗದವರಂತೆ ಇನ್ನೂ ಕೆಳಗಿಳಿದು ಬಾರನ್ನು ಆ ಸರಳುಗಳ ಮೇಲೆ ಇಟ್ಟು ಹೊರಗೆ ಬನ್ನಿ. ಠಣ್ ಎಂದು ಸದ್ದಾಗುತ್ತದೆ, ಮತ್ತೇನೂ ಆಗುವುದಿಲ್ಲ. ಅವಳ ಕೈಯಲ್ಲೂ ಒಮ್ಮೆ ಖಾಲಿ ಬಾರ್‌ನಲ್ಲಿ ಹಾಗೇ ಮಾಡಿಸಿ. ಏಳಲಾಗದಿದ್ದರೆ ಏನಾಗುತ್ತದೋ ಎಂಬುದೇ ಅವಳ ಭಯ. ಅದನ್ನು ಒಮ್ಮೆ ಮಾಡಿ ಮುಗಿಸಿದ ಮೇಲೆ ಹೆದರಲು ಉಳಿಯುವುದು ಕಡಿಮೆ. ನನ್ನ ಗೆಳತಿಗೆ ಮೊದಲ ದಿನವೇ ಇದನ್ನು ತೋರಿಸಿದ್ದರೆ ಆ ಐದು ತಿಂಗಳು ಉಳಿಯುತ್ತಿತ್ತು.

ಮಲಗಿ ಎತ್ತುವ ಬೆಂಚ್ ಪ್ರೆಸ್ ಅನ್ನು ಮಾತ್ರ ಒಬ್ಬಳೇ ಮಾಡಲು ಬಿಡಬೇಡಿ. ಪಕ್ಕದಲ್ಲಿ ಒಬ್ಬರು ಇರಲಿ, ಇಲ್ಲವೇ ಸರಳುಗಳಿರುವ ರ‍್ಯಾಕಿನೊಳಗೆ ಮಾಡಲಿ.

ಟ್ರೈನರ್ ಅಥವಾ ಗುಂಪಿನ ತರಗತಿ

ಗುಂಪಿನ ತರಗತಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹುರುಪು ಸಿಗುತ್ತದೆ, ಗೆಳೆತನ ಸಿಗುತ್ತದೆ. ಆದರೆ ಸಂಗೀತದ ವೇಗಕ್ಕೆ ಎಲ್ಲರೂ ಒಟ್ಟಿಗೆ ಎತ್ತುವಾಗ ಹೊಸಬಳ ಬೆನ್ನು ನೋಡುವವರು ಯಾರು? ಒಮ್ಮೆ ಚಲನೆಗಳು ಗೊತ್ತಾದ ಮೇಲೆ ಹೋಗಲಿ.

ಟ್ರೈನರ್ ವಿಷಯ ಬೇರೆ. ಹಿಂದೆ ಪೆಟ್ಟಾಗಿದ್ದವಳಿಗೆ, ಮುಟ್ಟು ನಿಂತವಳಿಗೆ, ಗೆಳತಿಯ ಮಾತಿಗಿಂತ ಹೊರಗಿನವರ ಮಾತು ಕೇಳುವವಳಿಗೆ ಇದೇ ಒಳ್ಳೆಯ ಶುರು. ಆಸ್ಟ್ರೇಲಿಯಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಲಿಫ್ಟ್‌ಮೋರ್ ಎಂಬ ಅಧ್ಯಯನದಲ್ಲಿ, ಮುಟ್ಟು ನಿಂತು ಮೂಳೆ ತೆಳುವಾಗಿದ್ದ 101 ಹೆಂಗಸರಿದ್ದರು. ಅವರಲ್ಲಿ ಒಂದು ಗುಂಪು ವಾರಕ್ಕೆ ಎರಡು ಸಲ, ಅರ್ಧ ಗಂಟೆಯಂತೆ ಎಂಟು ತಿಂಗಳು ಡೆಡ್‌ಲಿಫ್ಟ್, ಸ್ಕ್ವಾಟ್, ತಲೆಯ ಮೇಲೆ ಒತ್ತುವ ಓವರ್‌ಹೆಡ್ ಪ್ರೆಸ್ ಮಾಡಿತು, ಅದೂ ನಿಜಕ್ಕೂ ಭಾರವಾಗಿ. ಅವರ ಬೆನ್ನುಮೂಳೆಯ ಸಾಂದ್ರತೆ ಹೆಚ್ಚಾಯಿತು. "ಈ ವಯಸ್ಸಿನಲ್ಲಿ ಯಾಕೆ" ಎನ್ನುವ ಗೆಳತಿಗೆ ನಾನು ಹೇಳುವುದು ಇದನ್ನೇ. ಜೊತೆಗೆ ಇದನ್ನೂ ಹೇಳುತ್ತೇನೆ: ಅವರೆಲ್ಲ ತಿಳಿದವರ ಕಣ್ಣೆದುರೇ ಎತ್ತಿದರು, ಮೊದಲು ಹಗುರದಲ್ಲಿ ಕಲಿತು ಆಮೇಲೆ ಭಾರಕ್ಕೆ ಹೋದರು.

ಟ್ರೈನರ್ ಆರಿಸುವಾಗ ಅವರ ತೋಳು ನೋಡಬೇಡಿ. ಮೊದಲ ಭೇಟಿಯಲ್ಲಿ ಅವರು ಏನು ಕೇಳುತ್ತಾರೆ ನೋಡಿ. ಹಳೆಯ ನೋವು, ಆಪರೇಷನ್, ಬಿಪಿ, ಹೆರಿಗೆ ಇವನ್ನು ಕೇಳಿದರೆ ಒಳ್ಳೆಯ ಗುರುತು. ಮುಟ್ಟಿ ತಿದ್ದುವ ಮುಂಚೆ "ಮುಟ್ಟಬಹುದಾ?" ಎಂದು ಕೇಳಬೇಕು. ಕೇಳದೆಯೇ ಅವಳ ಹೊಟ್ಟೆ, ತೊಡೆಯ ಮಾತು ತೆಗೆದರೆ ಅಲ್ಲಿಂದ ಎದ್ದು ಬನ್ನಿ. ಮೊದಲ ದಿನವೇ ಸುಸ್ತು ಮಾಡಿಸಿ, ಮೂರು ದಿನ ಮೆಟ್ಟಿಲು ಇಳಿಯಲಾಗದಂತೆ ಮಾಡುವುದನ್ನು ದೊಡ್ಡಸ್ತಿಕೆ ಎಂದುಕೊಂಡವರೂ ಬೇಡ. ವರ್ಷದ ಹಣ ಕಟ್ಟುವ ಮುಂಚೆ ನಾಲ್ಕೈದು ಸಲ ನೋಡಿ. ಹೆಣ್ಣು ಟ್ರೈನರ್ ಬೇಕೆಂದು ಅವಳಿಗೆ ಅನ್ನಿಸಿದರೆ ಅದಕ್ಕೆ ಕಾರಣ ಕೇಳಬೇಡಿ, ಹುಡುಕಿಕೊಡಿ.

ನನ್ನ ಆಯ್ಕೆ, ಮತ್ತು ನಿಮ್ಮ ಪಾತ್ರ

ಕಣ್ಣುಗಳ ಭಯಕ್ಕೆ ಮನೆ. ಗೊತ್ತಿಲ್ಲದ ಭಯಕ್ಕೆ ಮಷೀನು. ಪೆಟ್ಟಿನ ಭಯ ಬರೀ ಊಹೆಯಾಗಿದ್ದರೆ ಮಷೀನು, ಹಳೇ ಗಾಯದಿಂದ ಬಂದಿದ್ದರೆ ಟ್ರೈನರ್. ದಪ್ಪ ತೋಳಿನ ಭಯ ಒಂದೇ ಇದ್ದು ಉಳಿದಂತೆ ಧೈರ್ಯಸ್ಥೆಯಾದರೆ, ನೀವು ಪಕ್ಕದಲ್ಲಿದ್ದು 15 ಕೆಜಿ ಬಾರಿನಿಂದಲೇ ಶುರು ಮಾಡಿಸಬಹುದು. ಎಲ್ಲಿ ಶುರು ಮಾಡಿದರೂ ವಾರಕ್ಕೆ ಎರಡು ದಿನ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯೂ ಹಾಗೇ ಇದೆ: ದೊಡ್ಡವರೆಲ್ಲ ವಾರದಲ್ಲಿ ಎರಡು ಅಥವಾ ಹೆಚ್ಚು ದಿನ ಮುಖ್ಯ ಸ್ನಾಯುಗಳಿಗೆಲ್ಲ ಕೆಲಸ ಕೊಡಬೇಕು.

ಭಾರ ಎಷ್ಟು ಎಂದು ಅವಳೇ ಹೇಳಲಿ. ಸೆಟ್ ಮುಗಿದಾಗ "ಇನ್ನೆಷ್ಟು ಸಲ ಆಗ್ತಿತ್ತು?" ಎಂದು ಕೇಳಿ. "ಎರಡು ಮೂರು" ಎಂದರೆ ಭಾರ ಸರಿಯಾಗಿದೆ. "ಹತ್ತು" ಎಂದರೆ ಮುಂದಿನ ಸಲ ಸ್ವಲ್ಪ ಏರಿಸಿ. ಎತ್ತುವಾಗ ಉಸಿರು ಬಿಡುವುದು, ಇಳಿಸುವಾಗ ಎಳೆದುಕೊಳ್ಳುವುದು, ಇಷ್ಟನ್ನು ನೆನಪಿಸಿದರೆ ಸಾಕು. ಒಂದೇ ಸಲಕ್ಕೆ ಐದು ತಿದ್ದುಪಡಿ ಹೇಳಬೇಡಿ, ಒಂದು ಹೇಳಿ.

"ಇಷ್ಟೇನಾ?" ಎಂಬ ಮಾತು ತಮಾಷೆಗೂ ಬೇಡ. "ಬೇಗ ತೆಳ್ಳಗಾಗ್ತೀಯ" ಎಂಬುದೂ ಬೇಡ, ಅದು ಅವಳ ದೇಹದ ಮೇಲೆ ಇನ್ನೊಂದು ಕಣ್ಣಿಟ್ಟ ಹಾಗೆ. ನೀವು ಎತ್ತುವಾಗ ಅವಳು ಎಣಿಸಲಿ, ಪ್ಲೇಟ್ ಹಾಕಲಿ. ಬರೀ ಕಲಿಯುವವಳಾಗಿ ನಿಂತಿರುವುದು ಅವಳಿಗೂ ಕಷ್ಟ.

ನೋವಿನ ಬಗ್ಗೆ ಮೊದಲೇ ಹೇಳಿ. ಮಾರನೇ ದಿನದಿಂದ ಮೂರನೇ ದಿನದವರೆಗೆ ತೊಡೆ, ಕುಂಡೆ ಬಿಗಿದು ನೋಯುವುದು ಸಹಜ. ಕೀಲಿನಲ್ಲಿ ಚುಚ್ಚುವ ನೋವು, ಕಾಲಿಗೆ ಇಳಿಯುವ ನೋವು, ಎದೆ ಹಿಡಿಯುವುದು, ತಲೆ ಸುತ್ತುವುದು ಸಹಜ ಅಲ್ಲ. ಅವತ್ತಿಗೆ ನಿಲ್ಲಿಸಿ ಡಾಕ್ಟರನ್ನು ಕಾಣಿ. ಎದೆ ನೋವು, ತಲೆಸುತ್ತು ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬಸುರಿಯಾಗಿದ್ದರೆ, ಬಾಣಂತಿಯಾಗಿದ್ದರೆ, ಬಿಪಿ ಹಿಡಿತದಲ್ಲಿ ಇಲ್ಲದಿದ್ದರೆ ಶುರು ಮಾಡುವ ಮುಂಚೆಯೇ ಕೇಳಿಕೊಳ್ಳಬೇಕು. ಭಾರ ಎತ್ತುವಾಗ ಮೂತ್ರ ಸೋರುವುದನ್ನು ಹೆಂಗಸರು ಯಾರಿಗೂ ಹೇಳುವುದಿಲ್ಲ, ಅದಕ್ಕೇ ಜಿಮ್ ಬಿಟ್ಟುಬಿಡುತ್ತಾರೆ. ಅದಕ್ಕೆ ಚಿಕಿತ್ಸೆ ಇದೆ, ಫಿಸಿಯೋಥೆರಪಿಸ್ಟ್ ಬಳಿ ವ್ಯಾಯಾಮ ಇದೆ ಎಂದು ನೀವೇ ಮೊದಲು ಮಾತು ತೆಗೆಯಿರಿ. ಗೆಳತಿಯಲ್ಲದೆ ಇನ್ಯಾರು ಹೇಳುತ್ತಾರೆ?

ಒಂದು ದಾರಿಯಿಂದ ಇನ್ನೊಂದಕ್ಕೆ ಯಾವಾಗ ದಾಟಿಸಬೇಕು ಎಂದು ಕೇಳಿದರೆ, ವಾರಗಳನ್ನು ಎಣಿಸಬೇಡಿ ಎನ್ನುತ್ತೇನೆ. ನನ್ನ ಗೆಳತಿ ಮನೆಯಲ್ಲಿ ಹನ್ನೊಂದು ವಾರ ಇದ್ದಳು. ಒಂದು ಸಂಜೆ ಎರಡು ಡಂಬೆಲನ್ನೂ ಒಟ್ಟಿಗೆ ಎದೆಗೆ ಅವುಚಿಕೊಂಡು ಕೂತು ಎದ್ದು, "ಇದು ತೀರಾ ಹಗುರ ಆಯ್ತಲ್ಲೇ, ಆ ರ‍್ಯಾಕ್ ಇನ್ನೂ ಅಲ್ಲೇ ಇದೆಯಾ?" ಎಂದು ಕೇಳಿದಳು. ಮಾರನೇ ದಿನ ಬೆಳಿಗ್ಗೆ ಆರೂವರೆಗೆ ನಾವಿಬ್ಬರೂ ಅಲ್ಲಿದ್ದೆವು. ಈ ಸಲ ಅಡ್ಡ ಸರಳುಗಳನ್ನು ಅವಳೇ ಹೊಂದಿಸಿದಳು.